ಕಡಲಿನ ತೂಕ, ಬಾವಿಯ ಲೆಕ್ಕ



ಕಡಲನ್ನು ತೂಗಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ ಅದೊಂದು ಒಗಟಿನಂತೆ ತೋರೀತು. ಆದರೆ 2002ನೆಯ ಇಸವಿಯಿಂದೀಚೆಗೆ, ನಡುವಿನ ಕೆಲವು ತಿಂಗಳುಗಳನ್ನು ಬಿಟ್ಟರೆ, ಭೂಮಿಯ ಮೇಲಿನ ಕಡಲುಗಳನ್ನು ತಿಂಗಳು ತಿಂಗಳೂ ತೂಗಲಾಗುತ್ತಿದೆ. ಆ ತಕ್ಕಡಿ ಇರುವುದು ಆಕಾಶದಲ್ಲಿ. ಕಡಲಿನ ತೂಕ ಹೆಚ್ಚುತ್ತಿದೆ ಎಂಬುದು ಅದು ಕೊಟ್ಟ ಮೊದಲ ಸುದ್ದಿ. ಹೆಚ್ಚಿದ ತೂಕದ ಬಹುಪಾಲು ಕರಗಿದ ಹಿಮದಿಂದ ಬಂದದ್ದು. ಅದರ ಜೊತೆಯಲ್ಲಿ ಸಣ್ಣದಾದರೂ ಕಡೆಗಣಿಸಲಾಗದ ಇನ್ನೊಂದು ಬಾಬು ಇದೆ. ಅದು ಮನುಷ್ಯ ನೆಲದೊಳಗಿನಿಂದ ಎತ್ತಿ ಬಳಸಿದ ನೀರು.

ಈ ಎರಡನೆಯ ಬಾಬಿನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಪಾಲೂ ಸೇರಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಈ ಜಿಲ್ಲೆ ಪೂರ್ವದ ಕಡಲಿಗೂ ಪಶ್ಚಿಮದ ಕಡಲಿಗೂ ಹೆಚ್ಚುಕಡಿಮೆ ಸಮದೂರದಲ್ಲಿದೆ. ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ಮೌಲ್ಯಮಾಪನಗಳಲ್ಲಿ ಈ ನಾಲ್ಕೂ ತಾಲ್ಲೂಕುಗಳು ‘ಅತಿಬಳಕೆ’ಯ ವರ್ಗದಲ್ಲಿವೆ. ಎಂದರೆ, ವರ್ಷಕ್ಕೆ ಎಷ್ಟು ನೀರು ನೆಲಕ್ಕೆ ಇಂಗುತ್ತದೆಯೋ ಅದಕ್ಕಿಂತ ಹೆಚ್ಚು ನೀರನ್ನು ಅಲ್ಲಿ ಮೇಲೆತ್ತಲಾಗುತ್ತಿದೆ.

ಮಲೆನಾಡಿನ ಸಭೆಯಲ್ಲಿ ಬಯಲುಸೀಮೆಯ ಜಿಲ್ಲೆಯೊಂದರ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆ ಸೀಮೆಯ ಬರಿದಾದ ಬಾವಿಗಳನ್ನು ಮುಂದಿಟ್ಟುಕೊಂಡೇ ಘಟ್ಟದ ಹೊಳೆಗಳನ್ನು ಪೂರ್ವಕ್ಕೆ ತಿರುಗಿಸುವ ಯೋಜನೆ ರೂಪುಗೊಂಡಿದೆ. ಆದ್ದರಿಂದ ಆ ಬಾವಿಗಳ ನೀರು ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂಬ ಲೆಕ್ಕ ಬಯಲಿನವರಿಗೆ ಎಷ್ಟು ಬೇಕೋ ಮಲೆನಾಡಿನವರಿಗೂ ಅಷ್ಟೇ ಬೇಕು.

ಆಕಾಶದ ತಕ್ಕಡಿ

ಕಡಲಿನ ಮಟ್ಟ ಏರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ನೀರು ಬಿಸಿಯಾದಾಗ ಹಿಗ್ಗುತ್ತದೆ. ಹಿಗ್ಗಿದ ಕಡಲು ಮೇಲೇರುತ್ತದೆ. ಇದರಲ್ಲಿ ತೂಕ ಹೆಚ್ಚುವುದಿಲ್ಲ. ಎರಡನೆಯದಾಗಿ, ನೆಲದ ಮೇಲಿದ್ದ ನೀರು ಅಥವಾ ಹಿಮ ಕಡಲನ್ನು ಸೇರಿದಾಗಲೂ ಮಟ್ಟ ಏರುತ್ತದೆ. ಇದರಲ್ಲಿ ತೂಕ ಹೆಚ್ಚುತ್ತದೆ. ಮಟ್ಟವನ್ನಷ್ಟೇ ಅಳೆದರೆ ಈ ಎರಡನ್ನೂ ಬೇರ್ಪಡಿಸಲಾಗದು. 1990ರ ದಶಕದಿಂದ ಉಪಗ್ರಹಗಳ ರೇಡಾರ್‌ಗಳು ಕಡಲಿನ ಮಟ್ಟವನ್ನು ಕರಾರುವಾಕ್ಕಾಗಿ ಅಳೆಯುತ್ತ ಬಂದಿವೆ. ಭಾರತ ಮತ್ತು ಫ್ರಾನ್ಸ್ ಒಟ್ಟುಗೂಡಿ 2013ರ ಫೆಬ್ರವರಿಯಲ್ಲಿ ಶ್ರೀಹರಿಕೋಟದಿಂದ ಹಾರಿಸಿದ ‘ಸರಳ್’ ಉಪಗ್ರಹವೂ ಇದೇ ಕೆಲಸಕ್ಕೆ ನಿಯೋಜಿತವಾದದ್ದು. ಕಡಲಿನ ಒಳಗಿನ ಶಾಖವನ್ನು ಅಳೆಯಲು ‘ಆರ್ಗೊ’ ಎಂಬ ಸಾವಿರಾರು ತೇಲುಬುಂಡೆಗಳು ಕಡಲಿನಲ್ಲಿವೆ. ತೂಕದ ಲೆಕ್ಕ ಮಾತ್ರ ಬಹುಕಾಲ ಬಾಕಿಯಿತ್ತು.

ಆ ಕೊರತೆಯನ್ನು ತುಂಬಿದ್ದು ‘ಗ್ರೇಸ್’ ಎಂಬ ಉಪಗ್ರಹಗಳ ಜೋಡಿ. ಅಮೆರಿಕದ ನಾಸಾ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆಗಳು 2002ರ ಮಾರ್ಚ್ 17ರಂದು ರಷ್ಯದ ಪ್ಲೆಸೆಟ್ಸ್ಕ್‌ನಿಂದ ಅವುಗಳನ್ನು ಕಕ್ಷೆಗೆ ಸೇರಿಸಿದವು. ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ, ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಅವು ಭೂಮಿಯನ್ನು ಸುತ್ತುತ್ತಿದ್ದವು. ಅವು ನೆಲದ ಚಿತ್ರ ತೆಗೆಯಲಿಲ್ಲ. ತಮ್ಮಿಬ್ಬರ ನಡುವಿನ ಅಂತರವನ್ನು ಸೂಕ್ಷ್ಮತರಂಗಗಳ ನೆರವಿನಿಂದ ಅಳೆಯುವುದೇ ಅವುಗಳ ಕೆಲಸವಾಗಿತ್ತು. ಆ ಅಳತೆಯ ಸೂಕ್ಷ್ಮತೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು.

ಇದರ ತತ್ತ್ವ ಸರಳವಾದದ್ದು. ಭೂಮಿಯ ಗುರುತ್ವ ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಎಲ್ಲಿ ದ್ರವ್ಯ ಹೆಚ್ಚಿದೆಯೋ ಅಲ್ಲಿ ಸೆಳೆತ ಹೆಚ್ಚು. ಮುಂದಿನ ಉಪಗ್ರಹ ಅಂಥ ಜಾಗವನ್ನು ಸಮೀಪಿಸಿದೊಡನೆ ತುಸು ಬೇಗ ಸೆಳೆಯಲ್ಪಟ್ಟು ಹಿಂದಿನದರಿಂದ ದೂರವಾಗುತ್ತದೆ. ಅದು ಆ ಜಾಗವನ್ನು ದಾಟಿದ ಮೇಲೆ ಸೆಳೆತ ಹಿಂದಕ್ಕೆ ಜಗ್ಗುತ್ತದೆ. ಅಷ್ಟರಲ್ಲಿ ಹಿಂದಿನ ಉಪಗ್ರಹ ಮುಂದಕ್ಕೆ ಸೆಳೆಯಲ್ಪಟ್ಟು ಅಂತರ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳನ್ನು ಕೂಡಿಸಿ ತಿಂಗಳಿಗೊಂದು ಗುರುತ್ವ ನಕ್ಷೆಯನ್ನು ಸಿದ್ಧಪಡಿಸಲಾಗುತ್ತದೆ. ಬೆಟ್ಟಗುಡ್ಡಗಳು ತಿಂಗಳಿಂದ ತಿಂಗಳಿಗೆ ಬದಲಾಗುವುದಿಲ್ಲ. ಭೂಮಿಯ ಮೇಲೆ ಅಷ್ಟು ಬೇಗ ಸ್ಥಳ ಬದಲಿಸುವ ಭಾರವಾದ ವಸ್ತುಗಳು ಗಾಳಿ ಮತ್ತು ನೀರು ಮಾತ್ರ. ಗಾಳಿಯ ಭಾರವನ್ನು ಹವಾಮಾನ ದಾಖಲೆಗಳಿಂದ ಕಳೆದರೆ ಉಳಿಯುವುದು ನೀರಿನ ಲೆಕ್ಕ. ಹಿಮಯುಗದ ಹಿಮಭಾರ ಇಳಿದ ಮೇಲೆ ಇಂದಿಗೂ ನಿಧಾನವಾಗಿ ಮೇಲೇಳುತ್ತಿರುವ ಭೂಭಾಗಗಳ ಲೆಕ್ಕವನ್ನೂ ಕಳೆಯಬೇಕಾಗುತ್ತದೆ. ಆ ಜೋಡಿಯ ಕೆಲಸ 2017ರಲ್ಲಿ ಮುಗಿಯಿತು. 2018ರ ಮೇ 22ರಂದು ಹಾರಿದ ‘ಗ್ರೇಸ್ ಫಾಲೋ-ಆನ್’ ಎಂಬ ಹೊಸ ಜೋಡಿ ಅದನ್ನು ಮುಂದುವರಿಸಿತು.

ಅಸಲು ಮತ್ತು ಬಡ್ಡಿ

ಈ ತಕ್ಕಡಿ ತೋರಿಸಿದ ಅಂಶಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಕಡಲಿಗೆ ಹೊಸದಾಗಿ ಸೇರುತ್ತಿರುವ ನೀರಿನಿಂದಲೇ ಅದರ ಮಟ್ಟ ವರ್ಷಕ್ಕೆ ಸುಮಾರು 2 ಮಿಲಿಮೀಟರ್ ಏರುತ್ತಿದೆ. ಕಡಲುಗಳ ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿಲೋಮೀಟರ್ ಆದುದರಿಂದ ಮಟ್ಟ 1 ಮಿಲಿಮೀಟರ್ ಏರಬೇಕಾದರೆ 360 ಘನ ಕಿಲೋಮೀಟರ್ ನೀರು ಬೇಕು. ಗ್ರೀನ್‌ಲ್ಯಾಂಡ್ ಒಂದೇ ವರ್ಷಕ್ಕೆ ಸರಾಸರಿ 270 ಘನ ಕಿಲೋಮೀಟರ್ ನೀರಿಗೆ ಸಮನಾದ ಹಿಮವನ್ನು ಕಳೆದುಕೊಳ್ಳುತ್ತ ಬಂದಿದೆ.

ಕಡಲಿನ ತೂಕ ಯಾವಾಗಲೂ ಏರುತ್ತಲೇ ಹೋಗುವುದಿಲ್ಲ ಎಂಬುದೂ ಗಮನಾರ್ಹ. 2010-11ರಲ್ಲಿ ಕಡಲಿನ ಮಟ್ಟ ಸುಮಾರು 5 ಮಿಲಿಮೀಟರ್ ಇಳಿಯಿತು. ಆ ವರ್ಷ ಆಸ್ಟ್ರೇಲಿಯ, ದಕ್ಷಿಣ ಅಮೆರಿಕದ ಉತ್ತರ ಭಾಗ ಮುಂತಾದೆಡೆ ಅಸಾಧಾರಣ ಮಳೆ ಸುರಿದು, ಕಡಲಿನ ನೀರು ನೆಲಕ್ಕೆ ಬಂದು ತಂಗಿತ್ತು. ಅದು ಹರಿದು, ಆವಿಯಾಗಿ ಹಿಂತಿರುಗಿದ ಮೇಲೆ ಕಡಲು ಮತ್ತೆ ಏರಿತು. ನೆಲ ಮತ್ತು ಕಡಲು ಒಂದೇ ಖಾತೆಯ ಎರಡು ಪುಟಗಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಭಾರತದ ಪುಟದಲ್ಲಿ ದಾಖಲಾದುದು 2009ರಲ್ಲಿ ಬೆಳಕಿಗೆ ಬಂತು. ಮ್ಯಾಥ್ಯೂ ರೊಡೆಲ್ ಮತ್ತು ಸಂಗಡಿಗರು ಗ್ರೇಸ್‌ನ ಲೆಕ್ಕದಿಂದ ಕಂಡುಕೊಂಡಂತೆ, 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ ಪಂಜಾಬ್, ಹರಿಯಾಣ, ರಾಜಸ್ಥಾನಗಳ ಸೀಮೆ 109 ಘನ ಕಿಲೋಮೀಟರ್ ಅಂತರ್ಜಲವನ್ನು ಕಳೆದುಕೊಂಡಿತ್ತು. ಕನ್ನಂಬಾಡಿ ಕಟ್ಟೆಯ ಪೂರ್ಣ ಸಾಮರ್ಥ್ಯದ ಸುಮಾರು 78 ಪಟ್ಟು ನೀರು ಅದು. ಆ ಅವಧಿಯಲ್ಲಿ ಅಲ್ಲಿ ಮಳೆಗೆ ಹೇಳಿಕೊಳ್ಳುವಂಥ ಕೊರತೆಯಿರಲಿಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು 1993ರಿಂದ 2010ರವರೆಗೆ ಜಗತ್ತಿನಾದ್ಯಂತ ಎತ್ತಿದ 2,150 ಘನ ಕಿಲೋಮೀಟರ್ ಅಂತರ್ಜಲವು ಕಡಲಿನ ಮಟ್ಟವನ್ನು 6 ಮಿಲಿಮೀಟರ್‌ಗೂ ತುಸು ಹೆಚ್ಚು ಏರಿಸಿದುದಲ್ಲದೆ ಭೂಮಿಯ ಧ್ರುವಬಿಂದುವನ್ನೇ ಸುಮಾರು 80 ಸೆಂಟಿಮೀಟರ್ ಸರಿಸಿದೆ ಎಂದು ತೋರಿಸಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಪ್ರತಿವರ್ಷವೂ ನದಿಗಳು ಅಪಾರ ನೀರನ್ನು ಕಡಲಿಗೆ ತರುತ್ತವೆ. ಅದರಿಂದ ಕಡಲಿನ ತೂಕ ವರ್ಷದಿಂದ ವರ್ಷಕ್ಕೆ ಹೆಚ್ಚುವುದಿಲ್ಲ. ಏಕೆಂದರೆ ಅಷ್ಟೇ ನೀರು ಕಡಲಿನಿಂದ ಆವಿಯಾಗಿ ಮಳೆಯಾಗಿ ಬಂದಿರುತ್ತದೆ. ಅದು ಬಡ್ಡಿಯ ವ್ಯವಹಾರ: ಬಂದದ್ದು ಹೋಗುತ್ತದೆ, ಹೋದದ್ದು ಬರುತ್ತದೆ. ನೆಲದ ಆಳದಲ್ಲಿ ಬಹುಕಾಲದಿಂದ ಕೂಡಿಬಂದ ನೀರು ಅಸಲು. ಆ ಅಸಲನ್ನು ಎತ್ತಿ ಖರ್ಚು ಮಾಡಿದಾಗ ನೆಲದ ಪುಟದಲ್ಲಿ ಕಡಿಮೆಯಾದುದು ಕಡಲಿನ ಪುಟದಲ್ಲಿ ಹೆಚ್ಚಾಗುತ್ತದೆ. ಹೊಳೆಯ ನೀರು ಕಡಲು ಸೇರುವುದನ್ನು ನಷ್ಟವೆಂದು ಹಲುಬುವವರು, ಬಾವಿಯ ಅಸಲು ಕಡಲು ಸೇರಿದುದನ್ನು ನಷ್ಟದ ಬಾಬಿಗೆ ಬರೆದುದು ವಿರಳ.

ನಂದಿಯ ತಪ್ಪಲಿನಿಂದ ಕಡಲಿಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೀರು ಕಡಲಿಗೆ ಹೋಗುವ ಹಳೆಯ ದಾರಿಗಳು ಎಲ್ಲರಿಗೂ ತಿಳಿದವೇ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ತಾಲ್ಲೂಕನ್ನು ಹಾದು, ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯ ಜಲಾಶಯಗಳನ್ನು ದಾಟಿ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬಳಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಸೇರುತ್ತದೆ. ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಸೀಮೆಯಲ್ಲಿ ಹರಿದು ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಈ ಹೊಳೆಗಳು ಈಗ ವರ್ಷದ ಬಹುಕಾಲ ಒಣಗಿರುತ್ತವೆ, ಇಲ್ಲವೆ ಊರುಗಳ ಕೊಳಚೆಯನ್ನು ಹೊರುತ್ತವೆ. ಹಾಗಿದ್ದರೂ ಆ ಸೀಮೆಯ ನೀರು ಕಡಲಿಗೆ ಹೋಗುವುದು ನಿಂತಿಲ್ಲ. ದಾರಿ ಮಾತ್ರ ಬದಲಾಗಿದೆ. ಕೊಳವೆಬಾವಿಯಿಂದ ಮೇಲೆ ಬಂದ ನೀರು ದ್ರಾಕ್ಷಿಯ ಚಪ್ಪರಕ್ಕೆ, ಗುಲಾಬಿಯ ಪಾಲಿಹೌಸಿಗೆ, ಹಿಪ್ಪುನೇರಳೆಯ ತೋಟಕ್ಕೆ, ತರಕಾರಿಯ ಸಾಲಿಗೆ ಹೋಗುತ್ತದೆ. ಅದರ ಬಹುಪಾಲು ಎಲೆಗಳ ಮೂಲಕ ಆವಿಯಾಗಿ ಗಾಳಿಗೆ ಸೇರುತ್ತದೆ. ಗಾಳಿ ಆ ನೀರನ್ನು ಬಹಳ ಕಾಲ ಇರಿಸಿಕೊಳ್ಳಲಾರದು. ಸುಮಾರು ಎಂಟು ಹತ್ತು ದಿನಗಳಲ್ಲಿ ಅದು ಮಳೆಯಾಗಿ ಎಲ್ಲೋ ಬೀಳುತ್ತದೆ. ಕೆಲವು ಹನಿ ನೆಲದ ಮೇಲೆ, ಕೆಲವು ಹನಿ ಕಡಲಿನ ಮೇಲೆ. ಒಟ್ಟು ಲೆಕ್ಕದಲ್ಲಿ ನೆಲ ಕಳೆದುಕೊಂಡ ಅಸಲು ಕಡಲಿಗೆ ಜಮೆಯಾಗುತ್ತದೆ.

ಇದರ ಪ್ರಮಾಣವನ್ನು ಅರಿಯಲು ಒಂದು ಸರಳ ಗಣಿತ ಸಾಕು. ಜಿಲ್ಲೆಯ ವಿಸ್ತೀರ್ಣ ಸುಮಾರು 2,300 ಚದರ ಕಿಲೋಮೀಟರ್. ಅಲ್ಲಿಯ ತಳಕಲ್ಲು ನೈಸ್ ಮತ್ತು ಗ್ರಾನೈಟ್. ಅದರ ಮೇಲಿನ ಶಿಥಿಲ ಪದರ ತನ್ನ ಗಾತ್ರದ ನೂರರಲ್ಲಿ ಎರಡು ಪಾಲಿನಷ್ಟು ನೀರನ್ನು ಬಿಟ್ಟುಕೊಡಬಲ್ಲದು ಎಂದಿಟ್ಟುಕೊಂಡರೆ, ಜಿಲ್ಲೆಯ ಉದ್ದಗಲಕ್ಕೂ ನೀರಿನ ಮಟ್ಟ 10 ಮೀಟರ್ ಇಳಿದಾಗ ಖಾಲಿಯಾಗುವುದು 20 ಸೆಂಟಿಮೀಟರ್ ದಪ್ಪದ ನೀರಿನ ಹಾಸು. ಅದು ಸುಮಾರು 16 ಟಿಎಂಸಿ. ಕಡಲಿನ ಮೇಲೆ ಹರಡಿದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಡಲಿಗೆ ಅದು ಏನೂ ಅಲ್ಲ. ನಾಲ್ಕು ತಾಲ್ಲೂಕುಗಳ ಒಕ್ಕಲುಮಕ್ಕಳಿಗೆ ಅದೇ ಸರ್ವಸ್ವವಾಗಿತ್ತು.

ಬರಿದಾದ ಬಗೆ

ಮಳೆ ಕಡಿಮೆಯಾದುದೇ ಈ ದುಃಸ್ಥಿತಿಗೆ ಕಾರಣ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಅರ್ಕಾವತಿ ಏಕೆ ಬತ್ತುತ್ತಿದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು 2015ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮಳೆ, ಉಷ್ಣತೆ, ಹರಿವಿಗೆ ಅಡ್ಡಕಟ್ಟಿದ ತಡೆಗಳು, ಅಂತರ್ಜಲದ ಬಳಕೆ, ನೀಲಗಿರಿ ತೋಪುಗಳು ಎಂಬ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಮಳೆಯಲ್ಲಿ ಈ ಬತ್ತುವಿಕೆಯನ್ನು ವಿವರಿಸಬಲ್ಲಂಥ ಇಳಿಕೆ ಕಾಣಲಿಲ್ಲ. ಅಂತರ್ಜಲವನ್ನು ಎತ್ತಿದುದು ಮತ್ತು ನೀಲಗಿರಿ ಬೆಳೆಸಿದುದು ಮುಖ್ಯ ಕಾರಣಗಳಾಗಿ ಕಂಡುಬಂದವು. ಹಿಂದೆ ನೆಲದೊಳಗಿನ ನೀರು ಉಕ್ಕಿ ಹೊಳೆಯನ್ನು ಪೋಷಿಸುತ್ತಿತ್ತು. ನೀರಿನ ಮಟ್ಟ ಹೊಳೆಯ ಪಾತ್ರಕ್ಕಿಂತ ಬಹಳ ಕೆಳಗಿಳಿದ ಮೇಲೆ ಆ ಪೋಷಣೆ ನಿಂತಿತು.

ನೀಲಗಿರಿಯ ವಿಷಯದಲ್ಲಿ ಹೊಸಕೋಟೆಯಿಂದಲೇ ದೊರೆತ ಅಳತೆಯೊಂದಿದೆ. ಇಯಾನ್ ಕ್ಯಾಲ್ಡರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸಕೋಟೆಯ ಆಳವಾದ ಮಣ್ಣಿನ ತಾಕಿನಲ್ಲಿ ಮೂರು ಒಣವರ್ಷಗಳಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್. ಅಲ್ಲಿಯ ನೀಲಗಿರಿ ಬಳಸಿದ ನೀರು 3,400 ಮಿಲಿಮೀಟರ್. ಕೊರತೆಯ 1,300 ಮಿಲಿಮೀಟರ್ ನೀರನ್ನು ಬೇರುಗಳು ಆಳದ ಮಣ್ಣಿನ ಹಳೆಯ ತೇವದಿಂದ ಹೀರಿಕೊಂಡಿದ್ದವು. ಅಲ್ಲಿ ಪಂಪ್‌ಸೆಟ್ ಇರಲಿಲ್ಲ, ವಿದ್ಯುತ್ ಬೇಕಾಗಿರಲಿಲ್ಲ. ಆದರೂ ಅಸಲು ಕರಗಿತು. ಮಣ್ಣು ತೆಳುವಾಗಿದ್ದ ಬೇರೆ ತಾಕುಗಳಲ್ಲಿ ನೀಲಗಿರಿ ಅಲ್ಲಿಯ ಸಹಜ ಕುರುಚಲು ಕಾಡಿಗಿಂತ ಹೆಚ್ಚು ನೀರು ಬಳಸಲಿಲ್ಲ ಎಂದೂ ಅದೇ ಅಧ್ಯಯನ ಹೇಳುತ್ತದೆ. ಆದ್ದರಿಂದ ದೋಷವನ್ನು ಮರದ ಮೇಲಷ್ಟೇ ಹೊರಿಸಲಾಗದು. ಯಾವ ಮಣ್ಣಿನಲ್ಲಿ, ಯಾವ ಮಳೆಯಲ್ಲಿ, ಎಷ್ಟು ವಿಸ್ತಾರವಾಗಿ ಅದನ್ನು ನೆಡಲಾಯಿತು ಎಂಬುದು ಮುಖ್ಯ. ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ತಕ್ಕಡಿಯ ಮಿತಿ

ಇಷ್ಟೆಲ್ಲ ಆದ ಮೇಲೆ, ಆಕಾಶದ ತಕ್ಕಡಿಯೇ ಇರುವಾಗ ಜಿಲ್ಲೆಯ ನಷ್ಟವನ್ನು ಅದರಿಂದಲೇ ತಿಳಿಯಬಹುದಲ್ಲ ಎಂದು ತಮಗೆ ಅನ್ನಿಸಬಹುದು. ಅದು ಸಾಧ್ಯವಿಲ್ಲ. ಗ್ರೇಸ್‌ನ ದೃಷ್ಟಿ ಮೊಬ್ಬಾದದ್ದು. ಸುಮಾರು 300 ಕಿಲೋಮೀಟರ್‌ಗಿಂತ ಚಿಕ್ಕದಾದ ಪ್ರದೇಶವನ್ನು ಅದು ಬಿಡಿಸಿ ನೋಡಲಾರದು. ಕರ್ನಾಟಕದ ಹತ್ತಿರ ಹತ್ತಿರ ಅರ್ಧದಷ್ಟು ಭಾಗ ಅದಕ್ಕೆ ಒಂದೇ ಚುಕ್ಕೆ. ನೆಲದ ತೂಕ ಕಡಲಂಚಿನ ತೂಕದೊಳಗೆ ಬೆರೆತು ಕಾಣುವುದರಿಂದ, ಕಡಲಿನ ಲೆಕ್ಕ ಮಾಡುವವರೂ ದಡದ ಸಮೀಪದ ಭಾಗವನ್ನು ಬಿಟ್ಟೋ ತಿದ್ದಿಯೋ ಲೆಕ್ಕ ಹಾಕುತ್ತಾರೆ. ಕೆರೆಯ ನೀರು, ಮಣ್ಣಿನ ತೇವ, ಅಂತರ್ಜಲ ಎಂಬ ಭೇದವೂ ಅದಕ್ಕೆ ತಿಳಿಯದು. ಎಲ್ಲದರ ಒಟ್ಟು ತೂಕವನ್ನು ಅದು ಹೇಳುತ್ತದೆ, ಉಳಿದುದನ್ನು ಬೇರೆ ಲೆಕ್ಕಗಳಿಂದ ಕಳೆಯಬೇಕು.

ಈ ಮಿತಿಯನ್ನು ಮರೆತರೆ ಏನಾಗಬಹುದೆಂಬುದಕ್ಕೆ ದಕ್ಷಿಣ ಭಾರತವೇ ಉದಾಹರಣೆ. ಗಾಂಧಿನಗರದ ಐಐಟಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ರೇಸ್ ಮತ್ತು ವೀಕ್ಷಣಾ ಬಾವಿಗಳ ದಾಖಲೆಗಳ ಪ್ರಕಾರ 2002ರಿಂದ 2013ರವರೆಗೆ ಉತ್ತರ ಭಾರತದ ಅಂತರ್ಜಲ ವರ್ಷಕ್ಕೆ 2 ಸೆಂಟಿಮೀಟರ್‌ನಷ್ಟು ಕುಗ್ಗಿತೆಂದೂ ದಕ್ಷಿಣ ಭಾರತದಲ್ಲಿ ವರ್ಷಕ್ಕೆ 1ರಿಂದ 2 ಸೆಂಟಿಮೀಟರ್ ಹೆಚ್ಚಿತೆಂದೂ ಕಂಡುಬಂದಿತು. ಅದೇ ವರ್ಷಗಳಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆಗಳ ರೈತರು ಸಾವಿರ ಅಡಿಗೂ ಮೀರಿ ಕೊರೆಸಿ, ಸಾಲ ಮಾಡಿ, ಬರಿಯ ಕಲ್ಲುಪುಡಿಯನ್ನು ಕಂಡು ಕೈಚೆಲ್ಲುತ್ತಿದ್ದರು. ಒಂದು ಕಡೆ ಅಂಕಿಗಳು ಏರುತ್ತಿದ್ದವು, ಇನ್ನೊಂದು ಕಡೆ ಬಾವಿಗಳು ಸಾಯುತ್ತಿದ್ದವು.

ಈ ವೈರುಧ್ಯವನ್ನು ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್ ಮತ್ತು ನಂದಿತಾ ಬಸು ಅವರು 2019ರಲ್ಲಿ ಬಿಡಿಸಿದರು. ವೀಕ್ಷಣಾ ಬಾವಿ ಒಣಗಿದಾಗ ಅಳೆಯಲು ನೀರಿರುವುದಿಲ್ಲ; ದಾಖಲೆಯಲ್ಲಿ ಆ ಸ್ಥಳ ಖಾಲಿ ಉಳಿಯುತ್ತದೆ. ಹೀಗೆ ಖಾಲಿ ಬಿದ್ದ ಬಾವಿಗಳನ್ನು ಅಪೂರ್ಣ ದಾಖಲೆಯೆಂದು ವಿಶ್ಲೇಷಣೆಯಿಂದ ಕೈಬಿಡುವುದು ವಾಡಿಕೆ. ಆಗ ಲೆಕ್ಕದಲ್ಲಿ ಉಳಿಯುವುದು ಬದುಕಿರುವ ಬಾವಿಗಳು ಮಾತ್ರ. ಊರಿನ ಆರೋಗ್ಯವನ್ನು ತಿಳಿಯಲು ಹೋದವರು ಸತ್ತವರನ್ನು ಬಿಟ್ಟು ಎದುರಿಗಿದ್ದವರ ನಾಡಿಯನ್ನಷ್ಟೇ ಹಿಡಿದಂತಾಯಿತು. ಒಣಗಿದ ಬಾವಿಗಳನ್ನೂ, ಸಣ್ಣ ನೀರಾವರಿ ಗಣತಿಯಂಥ ಇತರ ದಾಖಲೆಗಳನ್ನೂ ಗಣನೆಗೆ ತಂದುಕೊಂಡಾಗ ದಕ್ಷಿಣದ ‘ಚೇತರಿಕೆ’ ನಿಲ್ಲಲಿಲ್ಲ.

ಉಪಗ್ರಹದ ಅಂಕಿಯೂ ಏಕೆ ಆಶಾದಾಯಕವಾಗಿ ಕಂಡಿತು ಎಂಬುದಕ್ಕೆ ಎರಡು ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ತೂಗಲು ತೊಡಗಿದ 2002-03ರ ಹೊತ್ತಿನಲ್ಲಿ ದಕ್ಷಿಣದಲ್ಲಿ ಭೀಕರ ಬರವಿತ್ತು. ತಳದಿಂದ ಅಳೆಯತೊಡಗಿದರೆ ಆಮೇಲಿನದೆಲ್ಲ ಏರಿಕೆಯಾಗಿಯೇ ಕಾಣುತ್ತದೆ. ಎರಡನೆಯ ಕಾರಣ ಕಲ್ಲಿನಲ್ಲಿಯೇ ಇದೆ. ಪಂಜಾಬಿನ ಮೆಕ್ಕಲು ನೆಲ ಅಪಾರ ನೀರನ್ನು ಹಿಡಿಯುತ್ತದೆ. ಅಲ್ಲಿ ಮಟ್ಟ ಒಂದು ಮೀಟರ್ ಇಳಿದರೂ ತೂಕದಲ್ಲಿ ತಿಳಿಯುತ್ತದೆ. ಬೆಂಗಳೂರು ಗ್ರಾಮಾಂತರದ ಗಟ್ಟಿಕಲ್ಲಿನ ಬಿರುಕುಗಳು ತಮ್ಮ ಗಾತ್ರದ ನೂರರಲ್ಲಿ ಒಂದು ಪಾಲು ನೀರನ್ನೂ ಹಿಡಿಯಲಾರವು. ಅಲ್ಲಿ ಬಾವಿ ಇನ್ನೂ ನೂರು ಅಡಿ ಕೆಳಗಿಳಿದರೂ ತೂಕದಲ್ಲಾಗುವ ವ್ಯತ್ಯಾಸ ಅತ್ಯಲ್ಪ. ಕೊನೆಯ ಹನಿಗಳಿಗೆ ತೂಕ ಕಡಿಮೆ, ಬೆಲೆ ಹೆಚ್ಚು. ತಕ್ಕಡಿಯು ತೂಕವನ್ನು ಮಾತ್ರ ಬಲ್ಲದು.

ಊರಿನ ಅಳತೆ

ಆದ್ದರಿಂದ ಉಪಗ್ರಹದ ಲೆಕ್ಕವನ್ನು ತಳ್ಳಿಹಾಕಬೇಕಾಗಿಲ್ಲ. ಅದು ಹೇಳಲಾರದುದನ್ನು ಊರಿನಲ್ಲಿಯೇ ಅಳೆಯಬೇಕು. ಇದು ಆಗದ ಕೆಲಸವೇನೂ ಅಲ್ಲ. ನೆರೆಯ ಆಂಧ್ರಪ್ರದೇಶದಲ್ಲಿ 2003ರ ಸುಮಾರಿನಿಂದ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಂದಿಗೆ, ಅನಂತಪುರ, ಚಿತ್ತೂರುಗಳೂ ಸೇರಿದಂತೆ ಬರಪೀಡಿತವಾದ ಏಳು ಜಿಲ್ಲೆಗಳಲ್ಲಿ ರೈತರೇ ಅಂತರ್ಜಲವನ್ನು ನೋಡಿಕೊಳ್ಳುವ ಯೋಜನೆಯೊಂದು ನಡೆಯಿತು. ರೈತ ಗಂಡಸರೂ ಹೆಂಗಸರೂ ಮಳೆಮಾಪಕದ ಅಳತೆ ಬರೆದಿಟ್ಟರು, ಆಯ್ದ ಬಾವಿಗಳಿಗೆ ಟೇಪು ಇಳಿಬಿಟ್ಟು ನೀರಿನ ಆಳ ನೋಡಿದರು, ಪಂಪಿನಿಂದ ಎಷ್ಟು ನೀರು ಬರುತ್ತದೆಂದು ಅಳೆದರು. ಮುಂಗಾರು ಮುಗಿದ ಮೇಲೆ ಊರವರೆಲ್ಲ ಸೇರಿ, ನೆಲದಲ್ಲಿ ಎಷ್ಟು ನೀರಿದೆ, ಹಿಂಗಾರಿನ ಯಾವ ಬೆಳೆಗೆ ಎಷ್ಟು ಬೇಕು ಎಂಬ ಆಯವ್ಯಯವನ್ನು ಗೋಡೆಯ ಮೇಲೆ ಬರೆದರು. ಇಂಥದೇ ಬೆಳೆಯಬೇಕೆಂದು ಯಾರೂ ಅಪ್ಪಣೆ ಮಾಡಲಿಲ್ಲ. ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಅನೇಕರು ಭತ್ತವನ್ನು ಕಡಿಮೆ ಮಾಡಿ ಕಡಿಮೆ ನೀರಿನ ಬೆಳೆಗಳತ್ತ ಹೊರಳಿದರು. 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕರ್ನಾಟಕವೂ ಸೇರಿದ ಏಳು ರಾಜ್ಯಗಳಿಗೆಂದು ಆರಂಭಿಸಿದ ಅಟಲ್ ಭೂಜಲ ಯೋಜನೆಯೂ ಗ್ರಾಮ ಪಂಚಾಯಿತಿಯ ಮಟ್ಟದ ಇಂಥ ಆಯವ್ಯಯವನ್ನೇ ಆಧಾರವಾಗಿ ಇಟ್ಟುಕೊಂಡಿತ್ತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ. ಅದು ಸುಮಾರು 65 ಟಿಎಂಸಿ ನೀರು. ಇದರಲ್ಲಿ ಹೆಚ್ಚಿನದು ಮಣ್ಣಿನಿಂದಲೂ ಬೆಳೆಯಿಂದಲೂ ಆವಿಯಾಗಿ ಹೋಗುವುದು ಅನಿವಾರ್ಯ. ಮಳೆಯಾಶ್ರಿತ ರಾಗಿ ಬೆಳೆಯುವುದೂ ಆ ನೀರಿನಿಂದಲೇ. ಗಟ್ಟಿಕಲ್ಲಿನ ನೆಲದಲ್ಲಿ ಹತ್ತರಲ್ಲೊಂದು ಪಾಲು ಇಂಗುತ್ತದೆಂದು ಹಿಡಿದರೆ ವರ್ಷಕ್ಕೆ ಸಿಗುವ ಬಡ್ಡಿ ಸುಮಾರು 6 ಟಿಎಂಸಿ. ಆ ಮಿತಿಯೊಳಗೆ ಬದುಕಿದರೆ ಅಸಲು ಉಳಿಯುತ್ತದೆ. ಕೆರೆಗಳ ಹೂಳೆತ್ತಿ, ಕಾಲುವೆಗಳನ್ನು ತೆರವುಗೊಳಿಸಿದರೆ ಬಡ್ಡಿ ತುಸು ಹೆಚ್ಚೀತು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯಿಂದಲೂ ಒಂದಿಷ್ಟು ನೀರು ಬಂದಿದೆ. ಆದರೆ ಎತ್ತುವ ನೀರಿಗೆ ಲೆಕ್ಕವಿಲ್ಲದ ಕಡೆ ಕೂಡಿಸುವ ನೀರು ಎಷ್ಟಾದರೂ ಸಾಲದು. ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಗಿರುವಾಗ, ಒಂದು ಕೊಳವೆಬಾವಿಯ ಪಕ್ಕದಲ್ಲಿ ಇನ್ನೊಂದು ಏಳುತ್ತಿರುವಾಗ, ಕೆರೆ ತುಂಬಿದ ವರ್ಷವೇ ಹೊಸ ಬಾವಿ ಕೊರೆಯುವ ವರ್ಷವೂ ಆಗಿಬಿಡುತ್ತದೆ.

ಮಲೆನಾಡಿನ ಪಾಲು

ಈಗ ಎತ್ತಿನಹೊಳೆಯ ವಿಷಯಕ್ಕೆ ಬರಬಹುದು. ಸಕಲೇಶಪುರ ಸೀಮೆಯ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24 ಟಿಎಂಸಿ ನೀರನ್ನು ಎತ್ತಿ, ಬೆಂಗಳೂರು ಗ್ರಾಮಾಂತರವೂ ಸೇರಿದ ಏಳು ಜಿಲ್ಲೆಗಳಿಗೆ ಒಯ್ಯುವುದು ಆ ಯೋಜನೆಯ ಉದ್ದೇಶ. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯುವುದಕ್ಕೆ, ಸುಮಾರು 10 ಟಿಎಂಸಿ ಕೆರೆ ತುಂಬಿಸುವುದಕ್ಕೆ. 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಗೊಂಡಿತು. ಆ ಜಲಾನಯನದಲ್ಲಿ ಒಟ್ಟು ದೊರೆಯಬಹುದಾದ ನೀರೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು 2015ರಲ್ಲಿ ಅಂದಾಜು ಮಾಡಿದ್ದರು. ಒಂದೇ ಹೊಳೆಯ ಬಗೆಗೆ ಎರಡು ಲೆಕ್ಕಗಳಲ್ಲಿ ಇಷ್ಟು ಅಂತರವಿರುವುದು, ಕಾಮಗಾರಿಗೆ ಮೊದಲು ಅಳತೆ ಎಷ್ಟು ಅಗತ್ಯವಾಗಿತ್ತೆಂಬುದನ್ನು ತೋರಿಸುತ್ತದೆ.

ಬಯಲಿನವರ ಬಾಯಾರಿಕೆ ಸುಳ್ಳಲ್ಲ. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಬೆರೆತು ಬರುವ ಊರುಗಳಲ್ಲಿ ಕುಡಿಯುವ ನೀರು ನ್ಯಾಯವಾದ ಬೇಡಿಕೆ. ಅದನ್ನು ಅಲ್ಲಗಳೆಯುವುದು ಮಲೆನಾಡಿಗೆ ಶೋಭಿಸದು. ಆದರೆ ಘಟ್ಟದಿಂದ ಇಳಿದು ನೇತ್ರಾವತಿಯಾಗಿ ಅರಬ್ಬೀ ಕಡಲು ಸೇರುವ ನೀರನ್ನು ‘ವ್ಯರ್ಥ’ ಎಂದು ಕರೆಯುವುದು ಲೆಕ್ಕದ ದೃಷ್ಟಿಯಿಂದಲೂ ಸರಿಯಲ್ಲ. ಅದು ಬಡ್ಡಿಯ ನೀರು. ಕಡಲಿನಿಂದ ಮುಂಗಾರಾಗಿ ಬಂದು ಕಡಲಿಗೆ ಮರಳುವಂಥದು. ಹೋಗುವ ದಾರಿಯಲ್ಲಿ ಕಾಡನ್ನೂ ತೋಟವನ್ನೂ ಮೀನನ್ನೂ ಅಳಿವೆಯನ್ನೂ ಸಾಕುತ್ತ ಹೋಗುತ್ತದೆ. ನಿಜವಾಗಿ ಕಡಲಿಗೆ ಕಳೆದುಹೋದದ್ದು ನಂದಿಯ ತಪ್ಪಲಿನ ಕಲ್ಲುಬಿರುಕುಗಳಲ್ಲಿ ಕೂಡಿಟ್ಟಿದ್ದ ನೀರು. ಮೊದಲಿನ ಗಣಿತದಂತೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯೊಂದರಲ್ಲೇ ನೀರಿನ ಮಟ್ಟ 10 ಮೀಟರ್ ಇಳಿದರೆ ಹೋಗುವುದು 16 ಟಿಎಂಸಿ. ಏಳು ಜಿಲ್ಲೆಗಳಿಗೆಂದು ಘಟ್ಟದಿಂದ ವರ್ಷಕ್ಕೆ ತರಲು ಹೊರಟ ನೀರಿನ ಮೂರರಲ್ಲಿ ಎರಡು ಪಾಲು ಅದು. ಎತ್ತುವ ಲೆಕ್ಕವನ್ನು ಹಿಡಿಯದೆ ತಂದು ಸುರಿದ ಹೊಳೆಯೂ ಅದೇ ದಾರಿಯಲ್ಲಿ, ಎಲೆಯಿಂದ ಗಾಳಿಗೆ, ಗಾಳಿಯಿಂದ ಕಡಲಿಗೆ ಹೋಗುತ್ತದೆ. ಆಗ ಘಟ್ಟದ ಇನ್ನೊಂದು ಹೊಳೆಗೆ ಕೈಯಿಡುವ ಮಾತು ಬಾರದಿರದು.

ಮಲೆನಾಡಿನವರು ಬಯಲಿನವರೊಡನೆ ಆಡಬೇಕಾದ ಮಾತು ಇದು: ಕುಡಿಯುವ ನೀರಿನ ಹಕ್ಕಿನಲ್ಲಿ ಜಗಳವಿಲ್ಲ; ಆದರೆ ನೀರು ತರುವ ಕಾಲುವೆಗೆ ಮೊದಲು ಊರೂರಿನ ನೀರಿನ ಪುಸ್ತಕ ತೆರೆಯಲಿ. ಪ್ರತಿ ಪಂಚಾಯಿತಿಯಲ್ಲಿ ಒಂದು ಮಳೆಮಾಪಕ, ಆಯ್ದ ಬಾವಿಗಳಿಗೆ ಒಂದು ಟೇಪು, ಶಾಲೆಯ ಗೋಡೆಯ ಮೇಲೆ ತಿಂಗಳ ಅಳತೆ. ಆ ಪುಸ್ತಕದಲ್ಲಿ ನೀರಿರುವ ಬಾವಿಗಳ ಜೊತೆಗೆ ಸತ್ತ ಬಾವಿಗಳ ಹೆಸರೂ, ಅವು ಒಣಗಿದ ವರ್ಷವೂ ಇರಲಿ. ಖಾಲಿ ಬಿಟ್ಟ ಸಾಲುಗಳಿಂದ ದಕ್ಷಿಣ ಭಾರತಕ್ಕೆ ಒಮ್ಮೆ ಸುಳ್ಳು ಚೇತರಿಕೆಯ ಸುದ್ದಿ ಬಂದದ್ದನ್ನು ಮರೆಯುವಂತಿಲ್ಲ.

ಇದೇ ಪುಸ್ತಕ ಮಲೆನಾಡಿನಲ್ಲಿಯೂ ಬೇಕು. ಅಡಿಕೆ, ಕಾಫಿ, ಶುಂಠಿಗಳಿಗಾಗಿ ಕೊಳವೆಬಾವಿ ಕೊರೆಯುವ ಲಾರಿಗಳು ಘಟ್ಟವನ್ನೂ ಏರಿವೆ. ಬೇಸಿಗೆಯ ಹಳ್ಳಗಳು ಹಿಂದಿಗಿಂತ ಬೇಗ ಒಣಗುತ್ತಿರುವುದನ್ನು ಅನೇಕ ಊರುಗಳ ಹಿರಿಯರು ಹೇಳುತ್ತಾರೆ. ಹೇಳಿಕೆಗೆ ಅಳತೆಯ ಬಲ ಬರಬೇಕಾದರೆ ಅಳೆಯುವ ಕೆಲಸ ಈ ಮಳೆಗಾಲದಿಂದಲೇ ಮೊದಲಾಗಬೇಕು. ಆಕಾಶದ ತಕ್ಕಡಿ ಕಡಲಿನ ತೂಕವನ್ನು ತಿಂಗಳು ತಿಂಗಳೂ ಹೇಳುತ್ತದೆ. ಬಾವಿಯ ಲೆಕ್ಕವನ್ನು ಹೇಳಬೇಕಾದವರು ಬಾವಿಯ ಬಳಿ ಇರುವವರು.